ನಾಯಿ–ಬೆಕ್ಕುಗಳ ವೈದ್ಯ: ಬೆಳಗಾವಿ ಮತ್ತು ಖಾನಾಪುರದ ಇತಿಹಾಸ

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಲ್ಲಿ ನಾಯಿ–ಬೆಕ್ಕುಗಳಿಗೆ ಇಂದು ಸಿಗುವ ವೈದ್ಯೋಪಚಾರ ಅವುಗಳಿಗಾಗಿಯೇ ಹುಟ್ಟಿದ್ದಲ್ಲ. ದನ, ಎಮ್ಮೆ, ಕುದುರೆಗಳಿಗೆಂದು ಬಂದ ಸರ್ಕಾರಿ ಪಶುವೈದ್ಯ ಮತ್ತು ಹುಚ್ಚುನಾಯಿ ಕಡಿತದಿಂದ ಮನುಷ್ಯರನ್ನು ಉಳಿಸುವ ಪ್ರಯತ್ನ, ಇವೆರಡರ ನಡುವೆ ಅದು ನಿಧಾನವಾಗಿ ಬೆಳೆಯಿತು. ಕರ್ನಾಟಕದ ಪಶುವೈದ್ಯದ ಚರಿತ್ರೆಯನ್ನು ಹಳೆಯ ಮೈಸೂರಿನಿಂದ ಆರಂಭಿಸುವುದು ರೂಢಿ. ಬೆಳಗಾವಿಯ ಮಟ್ಟಿಗೆ ಆ ಆರಂಭ ಹೊಂದುವುದಿಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಇದಕ್ಕೆ ಹತ್ತಿರದ ವಿದ್ಯಾಕೇಂದ್ರ 1886ರಲ್ಲಿ ಪರೇಲ್‌ನಲ್ಲಿ ತೆರೆದ ಮುಂಬಯಿ ಪಶುವೈದ್ಯ ಕಾಲೇಜು. ಆ ಕಾಲದ ಇಲಾಖೆಯ ಮುಖ್ಯ ಚಿಂತೆ ದನಗಳನ್ನು ಹಿಂಡುಗಟ್ಟಲೆ ಕೊಲ್ಲುತ್ತಿದ್ದ ದೊಡ್ಡರೋಗ. ಜನರ ಬಾಯಲ್ಲಿ ಆಸ್ಪತ್ರೆಗೆ ‘ದನದ ದವಾಖಾನೆ’ ಎಂಬ ಹೆಸರು ಇಂದಿಗೂ ಉಳಿದಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಶುರುವಾದ ಮೇಲೆ ಅಲ್ಲಿನ ಪದವೀಧರರು ಈ ಭಾಗಕ್ಕೆ ಬರತೊಡಗಿದರು. ಈಗ ಜಿಲ್ಲೆಯೊಳಗೇ, ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ, ಪಶುವೈದ್ಯಕೀಯ ಕಾಲೇಜಿದೆ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ‘ವ್ಯಾಕ್ಸಿನ್ ಡಿಪೋ’ ಹೆಸರು ಕೇಳಿದವರು ಅದನ್ನು ಪಶುವೈದ್ಯದ ಸ್ಥಳವೆಂದು ಎಣಿಸುವುದು ಸುಲಭ. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ನೆಲೆಗೊಂಡ ಲಸಿಕಾ ಸಂಸ್ಥೆಯ ಮೂಲ ಉದ್ದೇಶ ಮನುಷ್ಯರ ಸಿಡುಬಿಗೆ ಮದ್ದು ತಯಾರಿಸುವುದಾಗಿತ್ತು. ಕರುಗಳ ಚರ್ಮದ ಮೇಲೆ ಗೀರು ಹಾಕಿ, ಸೋಂಕು ತಗುಲಿಸಿ, ಅಲ್ಲಿ ಎದ್ದ ಗುಳ್ಳೆಗಳ ದ್ರವವನ್ನು ಕೆರೆದು ತೆಗೆದು ಲಸಿಕೆ ಮಾಡುತ್ತಿದ್ದರು. ಸಿಡುಬು ನಿರ್ಮೂಲನದ ಕೊನೆಯ ವರ್ಷಗಳಲ್ಲಿ ಶೀತಶುಷ್ಕ ಲಸಿಕೆ ತಯಾರಿಸಿದ ದೇಶದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು; ಉಳಿದವು ಗಿಂಡಿ, ಹೈದರಾಬಾದ್ ಮತ್ತು ಪಟವಾಡಾಂಗರ್. ಸಾಕುಪ್ರಾಣಿಗಳ ಚಿಕಿತ್ಸೆಗೂ ಅದಕ್ಕೂ ನೇರ ಸಂಬಂಧ ಕಲ್ಪಿಸುವುದು ತಪ್ಪು.

ವೈದ್ಯರ ಗಮನಕ್ಕೆ ನಾಯಿ ಮೊದಲು ಬಂದದ್ದು ರೇಬೀಸ್‌ನಿಂದ. ಪಾಶ್ಚರ್ 1885ರಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟ ಲಸಿಕೆ ಭಾರತಕ್ಕೆ ಬಂದದ್ದು 1900ರಲ್ಲಿ, ಕಸೌಲಿಯ ಪಾಶ್ಚರ್ ಸಂಸ್ಥೆಯ ಮೂಲಕ. ದಕ್ಷಿಣದ ಕೂನೂರಿನಲ್ಲಿ ಇನ್ನೊಂದು ಸಂಸ್ಥೆ 1907ರಲ್ಲಿ ತೆರೆಯಿತು. ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ಮಾಡುವ ಲಸಿಕೆ ಸುಮಾರು ಒಂದು ಶತಮಾನ ದೇಶದಲ್ಲಿ ಬಳಕೆಯಲ್ಲಿತ್ತು. ಹಿರಿಯರು ನೆನೆಯುವ ‘ಹೊಟ್ಟೆಗೆ ಹದಿನಾಲ್ಕು ಸೂಜಿ’ ಅದೇ. ಕೆಲವರಿಗೆ ಅದರಿಂದ ಪಾರ್ಶ್ವವಾಯುವಿನಂಥ ತೊಂದರೆ ಆಗುತ್ತಿದ್ದುದರಿಂದ ಅರ್ಧಕ್ಕೇ ಬಿಟ್ಟವರೂ, ನಾಟಿ ಔಷಧಿಯ ಕಡೆ ತಿರುಗಿದವರೂ ಇದ್ದರು. 2004ರ ಕೊನೆಗೆ ಅದನ್ನು ನಿಲ್ಲಿಸಲಾಯಿತು. 2006ರಲ್ಲಿ ಹೊಸ ಬಗೆಯ ಲಸಿಕೆಯನ್ನು ಚರ್ಮದೊಳಗೆ ಅಲ್ಪ ಪ್ರಮಾಣದಲ್ಲಿ ಕೊಡುವ ಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಒಂದೇ ಶೀಶೆ ಹಲವರಿಗೆ ಸಾಲುವುದರಿಂದ ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಇದು ದೊಡ್ಡ ತಿರುವು. ನಾಯಿಗಳಿಗೆ ಮೂರು ತಿಂಗಳ ಪ್ರಾಯದಲ್ಲಿ ಮೊದಲ ರೇಬೀಸ್ ಚುಚ್ಚುಮದ್ದು, ಬಳಿಕ ವರ್ಷಕ್ಕೊಮ್ಮೆ ಎಂಬುದು ಈಗಿನ ವಾಡಿಕೆ. ಬೆಕ್ಕಿಗೂ ಇದು ಬೇಕೆಂಬ ಅರಿವು ಇನ್ನೂ ಎಲ್ಲ ಮನೆಗಳನ್ನು ತಲುಪಿಲ್ಲ.

ರೇಬೀಸ್ ಲೆಕ್ಕದಲ್ಲಿ ಮೂಲಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 2003ರ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ 20,565 ಜನ ಸಾಯುತ್ತಾರೆಂದು ಅಂದಾಜಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಇತ್ತೀಚಿನ ಅಧ್ಯಯನ 5,726 ಎಂದಿತು. 2024ಕ್ಕೆ ಕೇಂದ್ರ ಸರ್ಕಾರದ ವರದಿಯಲ್ಲಿರುವ ಶಂಕಿತ ಸಾವುಗಳು 54. ಈ ಮೂರನ್ನೂ ‘ರೇಬೀಸ್ ಸಾವು’ ಎಂದೇ ಉಲ್ಲೇಖಿಸುವುದರಿಂದ ಗೊಂದಲ ಹುಟ್ಟುತ್ತದೆ. ಮೊದಲೆರಡು ಸಮೀಕ್ಷೆಯಿಂದ ಕಟ್ಟಿದ ಅಂದಾಜು, ಕೊನೆಯದು ಆಸ್ಪತ್ರೆಗಳು ವರದಿ ಮಾಡಿದ ಸಂಖ್ಯೆ. ಪ್ರಾಣಿಗಳ ಕಡೆಯ ಲೆಕ್ಕ ಇನ್ನೂ ದುರ್ಬಲ. ಸತ್ತ ನಾಯಿಗೆ ರೇಬೀಸ್ ಇತ್ತೆಂದು ಖಚಿತಪಡಿಸಲು ಮಿದುಳಿನ ಮಾದರಿಯನ್ನು ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ರಾಜ್ಯದ ಮುಖ್ಯ ರೇಬೀಸ್ ಪ್ರಯೋಗಾಲಯ ಹೆಬ್ಬಾಳದಲ್ಲಿದೆ, ಖಾನಾಪುರದಿಂದ ಸುಮಾರು 500 ಕಿ.ಮೀ. ದೂರ. ತಾಲ್ಲೂಕಿನ ಕಣಕುಂಬಿಯಲ್ಲಿ ಮಳೆಗಾಲದಲ್ಲಿ ಜೊಲ್ಲು ಸುರಿಸುತ್ತ ಸತ್ತ ನಾಯಿಯನ್ನು ಮನೆಯವರು ಹೂಳಿಬಿಟ್ಟರೆ ಅದು ಯಾವ ದಾಖಲೆಗೂ ಬಾರದು.

ಗಡಿಯಾಚೆಯ ಗೋವಾದ ಅನುಭವ ಇಲ್ಲಿ ಹೋಲಿಕೆಗೆ ಯೋಗ್ಯ. ‘ಮಿಷನ್ ರೇಬೀಸ್’ ಸಂಸ್ಥೆಯ ಜೊತೆಗೂಡಿ ಆ ರಾಜ್ಯ ನಾಯಿಗಳಿಗೆ ವರ್ಷ ವರ್ಷವೂ ಸಾಮೂಹಿಕ ಲಸಿಕೆ ಹಾಕಿಸಿತು. ಊರೂರಿಗೆ ಬಲೆ ಹಿಡಿದು ಹೋಗಿ, ಲಸಿಕೆ ಹಾಕಿದ ನಾಯಿಗೆ ಬಣ್ಣದ ಗುರುತು ಮಾಡಿ, ಫೋನಿನಲ್ಲಿ ದಾಖಲಿಸುವ ಪದ್ಧತಿ ಅದು. 2021ರಲ್ಲಿ ಗೋವಾ ‘ರೇಬೀಸ್ ನಿಯಂತ್ರಿತ ಪ್ರದೇಶ’ವೆಂದು ಘೋಷಣೆಯಾಯಿತು. ಚೋರ್ಲಾ ಘಾಟಿನ ಈಚೆಗೆ ಖಾನಾಪುರದ ಜಾಂಬೋಟಿ, ಕಣಕುಂಬಿ ಇವೆ. ನಾಯಿ ಗಡಿ ನೋಡಿ ನಡೆಯುವುದಿಲ್ಲ. ಆದ್ದರಿಂದ ಈ ತಾಲ್ಲೂಕಿನ ಲಸಿಕೆ ಎರಡೂ ರಾಜ್ಯಗಳ ಹಿತಕ್ಕೆ ಬೇಕಾದದ್ದು.

ನಗರದ ಚಿಕಿತ್ಸಾಲಯಗಳ ಕಾಯಿಲೆಗಳು ಬೇರೆ ತೆರನವು. ನಾಯಿಗಳಲ್ಲಿ ಪಾರ್ವೊ ವೈರಸ್ ರೋಗ 1978ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡು, ಭಾರತದಲ್ಲಿ 1982ರಲ್ಲಿ ಮದ್ರಾಸಿನಿಂದ ಮೊದಲು ವರದಿಯಾಯಿತು. ಮರಿ ಮೊದಲು ಊಟ ಬಿಟ್ಟು ಮೂಲೆ ಸೇರುತ್ತದೆ, ನೊರೆಯಂತೆ ವಾಂತಿ ಮಾಡುತ್ತದೆ, ಆಮೇಲೆ ಗಬ್ಬು ವಾಸನೆಯ ರಕ್ತಭೇದಿ. ಸಲೈನ್ ಹಾಕಿ ನೀರಿನಂಶ ಉಳಿಸುವುದೇ ಚಿಕಿತ್ಸೆಯ ಜೀವಾಳ. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುವುದರಿಂದ ಮರಿ ಸತ್ತ ಅಂಗಳಕ್ಕೆ ಬಂದ ಹೊಸ ಮರಿಗೂ ಅದೇ ಬೇನೆ ತಗಲುತ್ತದೆ. ಆರರಿಂದ ಎಂಟು ವಾರದಲ್ಲಿ ಆರಂಭಿಸಿ ಹದಿನಾರು ವಾರದವರೆಗೆ ಸರಣಿಯಾಗಿ ಕೊಡುವ ಲಸಿಕೆಯನ್ನು ಒಂದೇ ಡೋಸಿಗೆ ನಿಲ್ಲಿಸುವುದು ಅದು ವಿಫಲವಾಗಲು ಒಂದು ಮುಖ್ಯ ಕಾರಣ.

ಖಾನಾಪುರದ ಕಾಡಂಚಿನಲ್ಲಿ ಉಣ್ಣಿಯದೇ ಕಾಟ. ಉಣ್ಣಿ ಹರಡುವ ಬೆಬೀಸಿಯಾ ಗಿಬ್ಸೋನಿ ಎಂಬ ರಕ್ತದ ಪರಾವಲಂಬಿಯನ್ನು ಪ್ಯಾಟನ್ ಎಂಬ ಸಂಶೋಧಕ 1910ರಲ್ಲಿ ಮದ್ರಾಸಿನ ಬೇಟೆನಾಯಿಗಳಲ್ಲಿ, ಅನಂತರ ನರಿಯ ರಕ್ತದಲ್ಲೂ ಗುರುತಿಸಿದರು. ಬಿಟ್ಟು ಬಿಟ್ಟು ಜ್ವರ, ಬಿಳಿಚಿದ ಒಸಡು, ಕೆಂಪಾಗಿ ಇಳಿಯುವ ಮೂತ್ರ ಇದರ ಲಕ್ಷಣ; ಕಿವಿಯೊಳಗೂ ಬೆರಳ ಸಂದಿಯಲ್ಲೂ ಹುಡುಕಿದರೆ ಉಣ್ಣಿ ಸಿಗುತ್ತದೆ. 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯದೊಳಗೆ ಊರುಗಳಿವೆ, ಅವುಗಳಲ್ಲಿ ನಾಯಿಗಳಿವೆ, ಕಾಡಿನಲ್ಲಿ ಸೀಳುನಾಯಿಗಳಿವೆ. ಗಿರ್‌ನಲ್ಲಿ 2018ರಲ್ಲಿ ಸಿಂಹಗಳನ್ನು ಕೊಂದ ಡಿಸ್ಟೆಂಪರ್ ವೈರಸ್ ಸಾಕುನಾಯಿಗಳಲ್ಲೂ ಸಾಮಾನ್ಯ. ಹೀಗಾಗಿ ಇಲ್ಲಿ ಊರನಾಯಿಯ ಲಸಿಕೆ ವನ್ಯಜೀವಿಯ ವಿಷಯವೂ ಹೌದು.

ಬೆಕ್ಕುಗಳಲ್ಲಿ ಹುಳುಕಡ್ಡಿ, ಕಜ್ಜಿ, ಗಂಡುಬೆಕ್ಕಿನ ಮೂತ್ರ ಕಟ್ಟುವಿಕೆ ಸಾಮಾನ್ಯ. ಜ್ವರವೆಂದು ಮನೆಯವರು ಕೊಡುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಗೆ ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿಕೊಂಡು ಪ್ರಾಣವೇ ಹೋಗಬಹುದು.

ಬೀದಿನಾಯಿಯನ್ನು ಕೊಲ್ಲುವುದೇ ದೇಶದ ಬಹುತೇಕ ಊರುಗಳ ಪೌರಕ್ರಮವಾಗಿತ್ತು. 2001ರ ಸಂತಾನಹರಣ ನಿಯಮಗಳು ಅದರ ಬದಲು ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯನ್ನು ಕಡ್ಡಾಯ ಮಾಡಿದವು. 2023ರ ನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. ಹೊಣೆ ಸ್ಥಳೀಯ ಸಂಸ್ಥೆಗಳದು: ಬೆಳಗಾವಿಯಲ್ಲಿ ಮಹಾನಗರ ಪಾಲಿಕೆ, ಖಾನಾಪುರದಲ್ಲಿ ಪಟ್ಟಣ ಪಂಚಾಯತಿ. 2019ರ ಜಾನುವಾರು ಗಣತಿ ರಾಜ್ಯದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳನ್ನು ಎಣಿಸಿತು. ಇಷ್ಟು ನಾಯಿಗಳಿಗೆ ಲಸಿಕೆ ತಲುಪುವವರೆಗೆ ಕಡಿತದ ಗಾಯವನ್ನು ಸೋಪು–ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ರೋಗಲಕ್ಷಣ ಕಾಣಿಸಿದ ಮೇಲೆ ರೇಬೀಸ್‌ಗೆ ಚಿಕಿತ್ಸೆಯಿಲ್ಲ.