ಓಲೆಗರಿಯೂ ಚಿತ್ರಸುರುಳಿಯೂ

ಶೂದ್ರಕನ ‘ಮೃಚ್ಛಕಟಿಕ’ವು ಲಿಪಿಕಾರರ ಕೈಯಿಂದ ಕೈಗೆ ಪ್ರತಿಯಾಗುತ್ತ ಶತಮಾನಗಳನ್ನು ದಾಟಿ ನಮಗೆ ದೊರೆತಿದೆ. ಆ ನಾಟಕವನ್ನೇ ಆಧರಿಸಿ ಮೋಹನ ಭವನಾನಿಯವರು ೧೯೩೧ರಲ್ಲಿ ಮೂಕಚಿತ್ರವೊಂದನ್ನು ನಿರ್ದೇಶಿಸಿದರು. ಅವರು ಜರ್ಮನಿಯಲ್ಲಿ ಈ ವಿದ್ಯೆಯನ್ನು ಅಭ್ಯಸಿಸಿದವರು. ನಾಯಿಕೆಯಾದ ಏಣಾಕ್ಷಿ ರಾಮರಾಯರು ಜರ್ಮನ್ ನಿರ್ದೇಶಕ ಫ್ರಾಂಜ್ ಓಸ್ಟೆನ್ನರ ‘ಶಿರಾಜ್’ (೧೯೨೮) ಚಿತ್ರದಲ್ಲಿ ನಟಿಸಿದ್ದವರು. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯರೂ ಪಾತ್ರ ವಹಿಸಿದರು. ಹೀಗೆ ನಮ್ಮವರ ಚಿತ್ರಕಲೆಯು ಮೊದಲಿನಿಂದಲೂ ಲೋಕದೊಡನೆ ಕೊಳುಕೊಡೆ ನಡೆಸಿತು.

ಮಾತಿಲ್ಲದ ಚಿತ್ರದಲ್ಲಿ ರಸವೆಲ್ಲಿ ಎಂದು ಕೇಳುವವರುಂಟು. ಭರತಮುನಿಯು ಹೇಳಿದ ಚತುರ್ವಿಧಾಭಿನಯದಲ್ಲಿ ವಾಚಿಕವು ಒಂದು ಮಾತ್ರ; ಉಳಿದ ಮೂರೂ ಮೂಕಚಿತ್ರಕ್ಕೆ ಉಂಟು. ಆದುದರಿಂದ ಕಾಲ, ದೇಶ, ಭಾಷೆಗಳು ಬೇರೆಯಾದರೂ ಸಹೃದಯನಿಗೆ ಅಳತೆಗೋಲು ಒಂದೇ.

ಆದರೆ ಸುರುಳಿಯು ಓಲೆಗರಿಗಿಂತ ಅಲ್ಪಾಯು. ಭಾರತದ ಮೂಕಚಿತ್ರಗಳಲ್ಲಿ ಬಹುಪಾಲು ನಶಿಸಿಹೋಗಿವೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು (೧೯೭೭) ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ವೇದಪಾಠಶಾಲೆಯ ಮನೆಯಲ್ಲಿ ಎಳೆಯ ವಿಧವೆಯೊಬ್ಬಳ ಬಾಳು ಮುರಿದುದನ್ನು ಅದು ಬಾಲಕ ವಿದ್ಯಾರ್ಥಿಯ ಕಣ್ಣಿನಿಂದ ತೋರಿಸುತ್ತದೆ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಆ ದರ್ಶನವು ಪ್ರಿಯವಲ್ಲ, ಹಿತವಾದುದು. ಅಂತಹ ಸಾಕ್ಷಿ ಅಳಿದರೆ ನಮ್ಮ ತಪ್ಪನ್ನು ನಮಗೆ ತೋರುವವರಾರು? ಗ್ರಂಥಕ್ಕೆ ಲಿಪಿಕಾರನು ಹೇಗೋ ಚಿತ್ರಕ್ಕೆ ಜೀರ್ಣೋದ್ಧಾರಕನು ಹಾಗೆ.