ಮಳೆ ಬಂದರೆ ಅಪ್ಪನಿಗೆ ರಜೆ

ನಮ್ಮೂರಿಗೆ ಒಂದು ಹುಟ್ಟುಹಬ್ಬ ಇದೆ. 1985ರ ಮಾರ್ಚ್ 29. ಬಹಳ ಊರುಗಳಿಗೆ ಈ ಭಾಗ್ಯ ಇರೋದಿಲ್ಲ ನೋಡಿ. ಪಕ್ಕದ ರಾಯಚೂರನ್ನೇ ತಗೊಳ್ಳಿ, ಅಲ್ಲಿನ ಕೋಟೆಯ ಶಾಸನವೇ 1294ರದ್ದು, ಊರು ಅದಕ್ಕಿಂತ ಹಳೆಯದು, ಹುಟ್ಟಿದ ದಿನ ಯಾರು ಬರೆದಿಟ್ಟಿದ್ದಾರೆ? ಶಕ್ತಿನಗರದ ಕಥೆ ಹಾಗಲ್ಲ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ (ನಮ್ಮ ಬಾಯಲ್ಲಿ ಆರ್‌ಟಿಪಿಎಸ್) ಮೊದಲ 210 ಮೆಗಾವ್ಯಾಟ್ ಯೂನಿಟ್ ಅವತ್ತು ಶುರುವಾಯಿತು. ಕ್ವಾರ್ಟರ್ಸು, ರಸ್ತೆ ಎಲ್ಲಾ ಅದಕ್ಕೆ ಮುಂಚೆಯೇ ಎದ್ದಿದ್ದವು ನಿಜ. ಆದರೆ ಕರೆಂಟಿಗೋಸ್ಕರವೇ ಕಟ್ಟಿದ ಊರಿಗೆ ಕರೆಂಟು ಹುಟ್ಟಿದ ದಿನವೇ ಹುಟ್ಟುಹಬ್ಬ ಅನ್ನೋದು ನನ್ನ ಲೆಕ್ಕ. ಹೆಸರೇ ಶಕ್ತಿನಗರ!

ನೀವು ಯಾವಾಗಲಾದರೂ ರಾಯಚೂರಿಂದ ಹೈದರಾಬಾದಿಗೆ ರಸ್ತೆಯಲ್ಲಿ ಹೋಗಿದ್ದರೆ ನಮ್ಮೂರನ್ನು ನೋಡಿರ್ತೀರಿ. ಊರು ಬಿಟ್ಟು ಹದಿನೆಂಟು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಆಕಾಶಕ್ಕೆ ಚುಚ್ಚಿದ ಹಾಗೆ ಚಿಮಣಿಗಳು, ಆಮೇಲೆ ದೇವಸೂಗೂರು, ಆಮೇಲೆ ಕೃಷ್ಣಾ ನದಿಯ ಸೇತುವೆ. ಸೇತುವೆ ದಾಟಿದರೆ ಕರ್ನಾಟಕ ಮುಗೀತು.

ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲದ ರಾಜ್ಯದಲ್ಲಿ ಇದನ್ನು ಯಾಕೆ ಕಟ್ಟಿದರು ಅನ್ನೋದು ನನಗೆ ಇಂಜಿನಿಯರಿಂಗ್ ಸೇರಿದ ಮೇಲೆ ಬಂದ ಪ್ರಶ್ನೆ (ಅಲ್ಲೇ ಬೆಳೆದವರಿಗೆ ಚಿಮಣಿ ಅಂದರೆ ಬೇವಿನ ಮರ ಇದ್ದ ಹಾಗೆ, ಯಾಕೆ ಅಂತ ಯಾರು ಕೇಳ್ತಾರೆ). ಕರ್ನಾಟಕದ ಕರೆಂಟಿನ ಚರಿತ್ರೆ ಅಂದರೆ ನೀರಿನ ಚರಿತ್ರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1948ರಲ್ಲಿ ಜೋಗ. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮತ್ತು ಶರಾವತಿ ವಿದ್ಯುದಾಗಾರ. ಹತ್ತು ಯೂನಿಟ್ಟು ಸೇರಿ 1,035 ಮೆಗಾವ್ಯಾಟ್. ಆಮೇಲೆ ಕಾಳಿ. ನೀರಿನ ಕರೆಂಟು ಅಗ್ಗ, ಹೊಗೆ ಇಲ್ಲ, ಎಲ್ಲಾ ಸರಿ. ಆದರೆ ಒಂದು ವರ್ಷ ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಬೆಂಗಳೂರಿನ ಕಾರ್ಖಾನೆ ನಿಲ್ಲಬೇಕು. ಎಪ್ಪತ್ತರ ದಶಕದಲ್ಲಿ ಹಾಗೇ ಆಗಿ ಆಗಿ, ಮಳೆಯನ್ನು ನಂಬದ ಕರೆಂಟು ಒಂದು ಬೇಕು ಅಂತ ಸರ್ಕಾರಕ್ಕೆ ಮನವರಿಕೆಯಾಯಿತು.

ಅದಕ್ಕೆ ಎರಡು ವಸ್ತು ಬೇಕು: ನೀರು, ಕಲ್ಲಿದ್ದಲು. ನೀರಿಗೆ ಕೃಷ್ಣೆ ಇದ್ದಳು. ಕಲ್ಲಿದ್ದಲಿಗೆ ರೈಲು ಇತ್ತು. ಮುಂಬಯಿ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ರಾಯಚೂರಿನಲ್ಲೇ ಕೂಡಿಕೊಂಡದ್ದು. ಸಿಂಗರೇಣಿಯ ಗಣಿಗಳು ಇರೋದು ಈಗಿನ ತೆಲಂಗಾಣದಲ್ಲಿ, ಕರ್ನಾಟಕದ ಉಳಿದ ಜಾಗಗಳಿಗೆ ಹೋಲಿಸಿದರೆ ರಾಯಚೂರಿಗೆ ಹತ್ತಿರ. ಹಾಗಾಗಿ ರಾಜ್ಯದ ಮೊದಲ ಕಲ್ಲಿದ್ದಲ ವಿದ್ಯುತ್ ಕೇಂದ್ರ ಇಲ್ಲಿಗೆ ಬಂತು. ಒಂದಾದ ಮೇಲೆ ಒಂದು ಯೂನಿಟ್ ಸೇರುತ್ತಾ 2002ಕ್ಕೆ ಏಳಾದವು, 2010ರಲ್ಲಿ 250 ಮೆಗಾವ್ಯಾಟಿನ ಎಂಟನೆಯದು. ಒಟ್ಟು 1,720.

ಇನ್ನು ಜನ. ಸುಡೋಕೆ ಕಲ್ಲಿದ್ದಲು ಹೊರಗಿಂದ ಬಂದ ಹಾಗೆ ಜನರೂ ಹೊರಗಿಂದಲೇ ಬಂದರು. ಶರಾವತಿ, ಕಾಳಿ ಯೋಜನೆಗಳಲ್ಲಿ ಕೆಲಸ ಕಲಿತವರು, ಮಂಡ್ಯದವರು, ಉಡುಪಿಯವರು, ಧಾರವಾಡದವರು. ಜೊತೆಗೆ ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಸ್ಥಳೀಯರು. ನಮ್ಮ ಬೀದಿಯ ಎಂಟು ಮನೆಗಳಲ್ಲಿ ಕನಿಷ್ಠ ಐದು ಥರದ ಕನ್ನಡ ಇತ್ತು. ಮನೆಯಲ್ಲಿ ಅಮ್ಮ "ಊಟಕ್ಕೆ ಬನ್ನಿ" ಅಂದರೆ ಪಕ್ಕದ ಮನೆಯ ಆಂಟಿ "ಉಣ್ಣಾಕ ಬರ್ರಿ" ಅನ್ನೋರು. ನಾನು ಬಾಗಿಲ ಒಳಗೆ ಒಂದು ಭಾಷೆ, ಹೊರಗೆ ಇನ್ನೊಂದು. ಈಗಲೂ ಸಿಟ್ಟು ಬಂದರೆ ರಾಯಚೂರು ಕನ್ನಡವೇ ಬರೋದು :)

ಅಪ್ಪ ಸಾಗರ ತಾಲ್ಲೂಕಿನವರು. ಎಂಬತ್ತರ ದಶಕದ ಕೊನೆಗೆ ಕೆಲಸ ಸಿಕ್ಕಿ ಶಕ್ತಿನಗರಕ್ಕೆ ಬಂದವರು, ಆಪರೇಷನ್ ವಿಭಾಗ, ಶಿಫ್ಟು. ಬೆಳಗಿನ ಶಿಫ್ಟು, ಮಧ್ಯಾಹ್ನದ್ದು, ರಾತ್ರಿಯದ್ದು. ಅಪ್ಪ ಹಗಲು ಮಲಗಿದ್ದ ದಿನ ಮನೆಯಲ್ಲಿ ಮಿಕ್ಸಿ ಹಾಕೋ ಹಾಗಿಲ್ಲ, ಕುಕ್ಕರ್ ಸೀಟಿ ಹೊಡೆಯೋ ಹಾಗಿಲ್ಲ. ಶಿಫ್ಟಿನವರ ಮನೆ ಮಕ್ಕಳೆಲ್ಲ ಪಿಸುಮಾತಿನಲ್ಲೇ ಜಗಳ ಆಡೋದು ಕಲಿತಿರ್ತಾರೆ.

ಈಗ ರಜೆಯ ವಿಷಯಕ್ಕೆ ಬರ್ತೀನಿ. ಶಾಲೆಯ ರಜೆ ಏಪ್ರಿಲ್, ಮೇ. ಅದೇ ಹೊತ್ತಿಗೆ ರಾಜ್ಯಕ್ಕೆ ಕರೆಂಟಿನ ದಾಹ ಜಾಸ್ತಿ. ಪಂಪ್‌ಸೆಟ್ಟು, ಫ್ಯಾನು, ಏಸಿ ಎಲ್ಲಾ ಓಡಬೇಕು, ಲಿಂಗನಮಕ್ಕಿಯಲ್ಲಿ ನೀರು ತಳ ಮುಟ್ಟುತ್ತಾ ಇರ್ತದೆ. ಆಗ ರಾಯಚೂರಿನ ಎಲ್ಲಾ ಯೂನಿಟ್ಟೂ ಪೂರ್ತಿ ಓಡಬೇಕು. ಅಪ್ಪನಿಗೆ ರಜೆ ಕೇಳೋ ಧೈರ್ಯವೇ ಇರ್ತಿರಲಿಲ್ಲ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನ ಮಳೆ ಶುರುವಾಗಿ ಶರಾವತಿ, ಕಾಳಿಯ ಟರ್ಬೈನ್‌ಗಳು ತಿರುಗಿದ ಮೇಲೆ ನಮ್ಮಲ್ಲಿ ಒಂದೊಂದೇ ಯೂನಿಟ್ಟನ್ನು ನಿಲ್ಲಿಸಿ ವಾರ್ಷಿಕ ದುರಸ್ತಿಗೆ ಬಿಚ್ಚುತ್ತಿದ್ದರು. ಮೇಂಟೆನೆನ್ಸಿನವರಿಗೆ ಅದು ಸುಗ್ಗಿ, ಆಪರೇಷನ್ನಿನವರಿಗೆ ಸ್ವಲ್ಪ ಉಸಿರು. ಅಂದರೆ ಸಾಗರದಲ್ಲಿ ಮಳೆ ಬಿದ್ದರೆ ನಾನೂರು ಕಿಲೋಮೀಟರಿನಷ್ಟು ಆಚೆ ನಮ್ಮಪ್ಪನಿಗೆ ರಜೆ! ಆಗ ನಮಗೆ ಶಾಲೆ. ಹೀಗಾಗಿ ಬೇಸಿಗೆಯಲ್ಲಿ ಅಮ್ಮ ನಮ್ಮಿಬ್ಬರನ್ನು ಕರ್ಕೊಂಡು ಅಜ್ಜನ ಮನೆಗೆ, ಮಳೆಗಾಲದಲ್ಲಿ ಅಪ್ಪ ಒಬ್ಬರೇ. ಎಲ್ಲರೂ ಒಟ್ಟಿಗೆ ಹೋದದ್ದು ಬೆರಳಲ್ಲಿ ಎಣಿಸುವಷ್ಟು ಸಲ.

ಹೋಗೋದು ರಾತ್ರಿ ಬಸ್ಸು. ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಹೊಸಪೇಟೆ, ಹರಿಹರ. ಮಾನ್ವಿಯವರೆಗೆ ಕಿಟಕಿ ನನ್ನದು, ಅಲ್ಲಿಂದ ಮುಂದೆ ತಮ್ಮನದು, ಅದು ಒಪ್ಪಂದ. ಎಣ್ಣೆಯಲ್ಲಿ ಮುಳುಗೆದ್ದ ಮಿರ್ಚಿ, ಅದರ ಜೊತೆ ಒಗ್ಗಾಣಿ, ಬಸ್‌ಸ್ಟ್ಯಾಂಡಿನಲ್ಲಿ ಪೇಪರಿನಲ್ಲಿ ಕಟ್ಟಿಸಿಕೊಂಡದ್ದು. ಆ ಪ್ರಯಾಣದಲ್ಲೇ ನಾನು ಮೊದಲು ಕಂಡದ್ದು ಕತ್ತಲು. ನಗೆ ಬರಬಹುದು ನಿಮಗೆ. ನಮ್ಮ ಕಾಲೋನಿಯಲ್ಲಿ ಕರೆಂಟು ಹೋಗೋದು ಅಪರೂಪ, ರಾತ್ರಿಯೂ ಪ್ಲಾಂಟಿನ ದೀಪಗಳ ಬೆಳಕು ಆಕಾಶಕ್ಕೆ ಬಡಿದಿರ್ತಿತ್ತು. ಬಸ್ಸು ಊರು ಬಿಟ್ಟ ಮೇಲೆ ಹಳ್ಳಿಗೆ ಹಳ್ಳಿಯೇ ಕಪ್ಪು. ಲೋಡ್ ಶೆಡ್ಡಿಂಗ್. ಎಲ್ಲೋ ಒಂದು ಅಂಗಡಿಯಲ್ಲಿ ಪೆಟ್ರೋಮ್ಯಾಕ್ಸು, ಕಟ್ಟೆ ಮೇಲೆ ಬೀಡಿಯ ಕೆಂಪು ಚುಕ್ಕೆ.

ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳತಿ ಸುತ್ತಲಿನ ಒಂದು ಹಳ್ಳಿಯವಳು. ಅವರ ಮನೆ ಮೇಲ್ಛಾವಣಿಯಿಂದ ಚಿಮಣಿ ಕಾಣುತ್ತೆ, ಹೊಲದ ಮೇಲೆ ನಾಲ್ಕು ಸಾಲು ಟವರ್ ಲೈನು, ಒಳಗೆ ಸೀಮೆಎಣ್ಣೆ ಬುಡ್ಡಿ. "ಕರೆಂಟು ನಮ್ಮ ತಲಿ ಮ್ಯಾಲಿಂದ ಹೋಗ್ತದ, ಮನ್ಯಾಗ ಇಳ್ಯಂಗಿಲ್ಲ" ಅಂದಿದ್ದಳು ಒಂದ್ಸಲ. ಬೇಜಾರಲ್ಲಿ ಅಲ್ಲ, ಸುಮ್ಮನೆ ಹೇಳಿದ್ದು. ಹಳ್ಳಿ ಮನೆಗಳ ತಂತಿಯನ್ನು ಪಂಪ್‌ಸೆಟ್ಟಿನ ತಂತಿಯಿಂದ ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಸುಧಾರಿಸಿತು ಅನ್ನಿ. ಆದರೆ ರಾಯಚೂರು ಜಿಲ್ಲೆಯ ಹಿಂದುಳಿದಿರುವಿಕೆ ಬಗ್ಗೆ ಯಾರಾದರೂ ಅಂಕಿ ಅಂಶ ಹೇಳಲು ಶುರು ಮಾಡಿದರೆ ನನಗೆ ನೆನಪಾಗೋದು ಆ ಮಾತು. 371 ಜೆ ವಿಧಿ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಇಲ್ಲಿ ಹುಟ್ಟಿದ ಕರೆಂಟು ಹೊರಗೆ ಹೋಗಲು ಶುರುವಾಗಿ ಇಪ್ಪತ್ತೆಂಟು ವರ್ಷ ಆಗಿತ್ತು.

ಸೇತುವೆಯ ಬಗ್ಗೆ ಹೇಳದಿದ್ದರೆ ನಮ್ಮೂರಿನವರು ನನ್ನನ್ನು ಬಿಡೋದಿಲ್ಲ. ಕಲ್ಲಿನ ಕಮಾನುಗಳ ಹಳೇ ಸೇತುವೆ, ಉದ್ದ ಮುಕ್ಕಾಲು ಕಿಲೋಮೀಟರ್. ನಿಜಾಮರು ಕಟ್ಟಿಸಿದ್ದು, 1943ರಲ್ಲಿ ಮುಗಿದದ್ದು, ಸಿರಾತ್-ಎ-ಜೂದಿ ಅಂತ ಅದರ ಹೆಸರು. ಕಟ್ಟಿದಾಗ ಎರಡೂ ದಡ ಹೈದರಾಬಾದ್ ಸಂಸ್ಥಾನವೇ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಈ ದಡ ಮೈಸೂರು ರಾಜ್ಯ, ಆ ದಡ ಆಂಧ್ರಪ್ರದೇಶ. 2014ರಿಂದ ಆ ದಡ ತೆಲಂಗಾಣ. ಸೇತುವೆ ಒಂದಿಂಚೂ ಅಲ್ಲಾಡಿಲ್ಲ, ಅದು ಕೂಡಿಸುವ ರಾಜ್ಯಗಳ ಹೆಸರು ಮಾತ್ರ ಬದಲಾಗ್ತಾ ಬಂತು. ಭಾನುವಾರ ಸಂಜೆ ಅಪ್ಪನ ಸ್ಕೂಟರಿನಲ್ಲಿ ಸೇತುವೆ ದಾಟಿ "ಆಂಧ್ರಕ್ಕೆ ಹೋಗಿ" ಟೀ ಕುಡಿದು ವಾಪಸ್ ಬರೋದು ನಮ್ಮ ಮನೆಯ ಫಾರಿನ್ ಟೂರು. ಬೆಂಗಳೂರು ನಾನೂರು ಕಿಲೋಮೀಟರಿಗಿಂತ ದೂರ, ಹೈದರಾಬಾದು ಅದರ ಅರ್ಧ. ಕಣ್ಣಿನ ಆಪರೇಷನ್ ಇರಲಿ, ಮದುವೆ ಸೀರೆ ಇರಲಿ, ಜನ ಹೋಗ್ತಿದ್ದದ್ದು ಈ ಸೇತುವೆ ಮೇಲೇ.

ಉಳಿದ ಸಂತೋಷಗಳು ಸಣ್ಣವು. ದೇವಸೂಗೂರಿನ ಸೂಗೂರೇಶ್ವರನ ಜಾತ್ರೆ ಚಳಿಗಾಲದ್ದು. ನಮ್ಮ ಕ್ಲಾಸಿನಲ್ಲಿ ಸೂಗಪ್ಪ, ಸೂಗೂರೇಶ ಸೇರಿ ಮೂವರು ಇದ್ದರು, ಹಾಜರಿ ಕರೆದರೆ ಮೂವರೂ ಒಟ್ಟಿಗೆ "ಎಸ್ ಸಾರ್". ರೇಕ್ ಬಂದರೆ ವ್ಯಾಗನ್ ಎಣಿಸೋದು. ಐವತ್ತೆಂಟೋ ಐವತ್ತೊಂಬತ್ತೋ ಅನ್ನೋದರ ಮೇಲೆ ಪಂದ್ಯ, ಸೋತವರು ಐಸ್‌ಕ್ಯಾಂಡಿ ಕೊಡಿಸಬೇಕು. ಎಲ್ಲಾ ಯೂನಿಟ್ಟು ಪೂರ್ತಿ ಓಡಿದರೆ ಪ್ಲಾಂಟಿಗೆ ದಿನಕ್ಕೆ ಇಂಥ ಏಳೆಂಟು ರೇಕ್ ಕಲ್ಲಿದ್ದಲು ಬೇಕು, ಹಾಗಾಗಿ ಐಸ್‌ಕ್ಯಾಂಡಿಗೆ ಬರ ಇರಲಿಲ್ಲ.

ರಾಯಚೂರಿಗೆ ಸಂತೆಗೆ ಅಂತ ಹೋದಾಗ ತೀನ್ ಕಂದೀಲ್ ಹತ್ತಿರ ಸಾಮಾನು ಕಟ್ಟಿಸಿ, ಟೈಮ್ ಇದ್ದರೆ ಅಪ್ಪ ಕೋಟೆಗೆ ಕರ್ಕೊಂಡು ಹೋಗೋರು. ಅಲ್ಲಿ ಕಾಕತೀಯರ ಸೇನಾನಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಬರೆಸಿದ ಶಾಸನದ ಕಲ್ಲು ಇದೆ, ಸುಮಾರು ನಲವತ್ತೊಂದು ಅಡಿ ಉದ್ದದ ಒಂದೇ ಬಂಡೆ. ಪಕ್ಕದಲ್ಲೇ ಆ ಬಂಡೆಯನ್ನು ಬಂಡಿಯ ಮೇಲಿಟ್ಟು ಸಾಲು ಸಾಲು ದನ ಕಟ್ಟಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಎಂಟನೇ ಯೂನಿಟ್ ಕಟ್ಟುವಾಗ ನಮ್ಮ ರಸ್ತೆಯಲ್ಲಿ ಎಣಿಸಲಾಗದಷ್ಟು ಚಕ್ರದ ಟ್ರೇಲರ್ ಒಂದು ಆಮೆಯ ಹಾಗೆ ಬಂತು, ಮುಂದೊಂದು ಹಿಂದೊಂದು ಎಂಜಿನ್ನು. ಊರಿಗೆ ಊರೇ ನಿಂತು ನೋಡಿತ್ತು. ಅಪ್ಪ ಅಂದದ್ದು: "ಕೋಟೇಲಿ ನೋಡಿದ್ದಲ್ಲ, ಅದೇ ಇದು. ದನ ಮಾತ್ರ ಬೇರೆ." ಇಡೀ ಕೋಟೆಯಲ್ಲಿ ನನಗೆ ಈಗಲೂ ಇಷ್ಟ ಆ ಚಿತ್ರವೇ. ಕೋಟೆ ಗೆದ್ದವರ ಹೆಸರು ಎಲ್ಲಾ ಕಡೆ ಸಿಗ್ತದೆ, ಕಲ್ಲು ಹೇಗೆ ತಂದರು ಅಂತ ಬರೆದಿಟ್ಟವರು ಕಡಿಮೆ.

ಸಾಗರದ ವಿಷಯ ಅರ್ಧಕ್ಕೇ ಬಿಟ್ಟೆ. ಅಪ್ಪನಿಗೂ ಊರು ಇಲ್ಲ ಅನ್ನೋದು ನನಗೆ ಗೊತ್ತಾದದ್ದು ತಡವಾಗಿ. ಅವರು ಹುಟ್ಟಿದ್ದು 1963. ಮರುವರ್ಷ ಲಿಂಗನಮಕ್ಕಿಯಲ್ಲಿ ನೀರು ನಿಂತಿತು, ಅಜ್ಜನ ಮನೆ, ಗದ್ದೆ, ಅಡಿಕೆ ತೋಟ ಎಲ್ಲಾ ಹಿನ್ನೀರಿನ ಅಡಿಗೆ. ನೆಂಟರು ಶಿವಮೊಗ್ಗದ ಸುತ್ತ ಚದುರಿದರು, ಅಜ್ಜ ಹಠ ಮಾಡಿ ತಾಲ್ಲೂಕಿನಲ್ಲೇ ಎತ್ತರದ ಜಾಗ ಹುಡುಕಿದರು. ನಾವು ಮಕ್ಕಳು ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋಗುವಾಗ ಕುಣಿದಾಡಿದರೆ ಅಜ್ಜಿ ಮಾತ್ರ ನೀರಿನ ಕಡೆ ನೋಡ್ತಾ ಇರಲಿಲ್ಲ. (ಈಗ ಅಲ್ಲಿ ಲಾಂಚ್ ಹತ್ತೋದು ಬೇಕಿಲ್ಲ, 2025ರ ಜುಲೈಯಲ್ಲಿ ಸೇತುವೆ ಆಯಿತು.) ನೀರು ತುಂಬಾ ಇಳಿದ ವರ್ಷ ಅಲ್ಲಿ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಜೋಗದ ವಿದ್ಯುತ್ತಿಗೆ ಅಂತ ನಲವತ್ತರ ದಶಕದಲ್ಲಿ ಕಟ್ಟಿ, ಆಮೇಲೆ ದೊಡ್ಡ ಅಣೆಕಟ್ಟಿನಲ್ಲಿ ಮುಳುಗಿಸಿದ್ದು. ಅದು ಕಂಡಿತು ಅಂದರೆ ಮಳೆಗಾಲ ಹಾಳು, ರಾಯಚೂರಿನಲ್ಲಿ ಒಂದು ಯೂನಿಟ್ಟಿಗೂ ಬಿಡುವಿಲ್ಲ ಅಂತ ಲೆಕ್ಕ. 2023ರ ಬರದ ವರ್ಷ ಹೀಗೇ ಆಯಿತು, ಅಪ್ಪನ ಸರ್ವೀಸಿನ ಕೊನೆಯ ತಿಂಗಳುಗಳು ಅವು.

ರಿಟೈರ್ ಆದರೆ ಕ್ವಾರ್ಟರ್ಸ್ ಬಿಡಬೇಕು, ಅದು ನಿಯಮ, ತಪ್ಪೇನಿಲ್ಲ. ಮೂವತ್ತೈದು ವರ್ಷದ ಸಂಸಾರ ಒಂದು ಲಾರಿಯಲ್ಲಿ ಹಿಡಿಯಿತು. ಅಮ್ಮ ನೆಟ್ಟ ನುಗ್ಗೆ, ಕರಿಬೇವು ಹಿಡಿಯಲಿಲ್ಲ. ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ನಾನು ಶಕ್ತಿನಗರಕ್ಕೆ ಹೋದರೆ ಇನ್ನು ಲಾಡ್ಜ್‌ನಲ್ಲಿ ಉಳಿಯಬೇಕು, ಅದೂ ರಾಯಚೂರಿನಲ್ಲಿ. ನನ್ನ ಜೊತೆ ಓದಿದವರು ಬೆಂಗಳೂರು, ಹೈದರಾಬಾದ್, ಪುಣೆ, ಡಾಲಸ್ಸು. ಯಾರ ಅಪ್ಪ ಅಮ್ಮನೂ ಅಲ್ಲಿ ಉಳಿದಿಲ್ಲ, ಹತ್ತಿರದ ಹಳ್ಳಿಯವರನ್ನು ಬಿಟ್ಟು.

ಊರಿನ ಯಂತ್ರಗಳಿಗೂ ವಯಸ್ಸಾಯಿತು. ಮೊದಲ ಯೂನಿಟ್ಟಿಗೆ ನಲವತ್ತು ದಾಟಿದೆ. ಹತ್ತಿರದಲ್ಲೇ ಯರಮರಸಿನಲ್ಲಿ 800 ಮೆಗಾವ್ಯಾಟಿನ ಎರಡು ಹೊಸ ಯೂನಿಟ್ ಬಂದಿವೆ. ಆಚೆ ಪಾವಗಡದಲ್ಲಿ 2018ರಲ್ಲಿ ಶುರುವಾದ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿಗೆ ಬೆಳೆಯಿತು, ನಮ್ಮ ಎಂಟೂ ಸೇರಿದ್ದಕ್ಕಿಂತ ಜಾಸ್ತಿ. ಅದರ ಹೆಸರು ಶಕ್ತಿ ಸ್ಥಳ! ಹೆಸರನ್ನೂ ಪಾಲು ತಗೊಂಡರು ಅಂತ ಅಪ್ಪನಿಗೆ ಸ್ವಲ್ಪ ಮುನಿಸು. ಹೊಗೆ ಕಡಿಮೆಯಾಗೋದು ಒಳ್ಳೆಯದೇ ಅಂತ ನಾನು ವಾದ ಮಾಡ್ತೀನಿ. ಅವರೂ ಒಪ್ಪುತ್ತಾರೆ, ಒಪ್ಪಿ ಸುಮ್ಮನಾಗ್ತಾರೆ.

ರಾಜ್ಯದ ಯಾವ ಯೂನಿಟ್ ಈ ಕ್ಷಣ ಎಷ್ಟು ಮೆಗಾವ್ಯಾಟ್ ಕೊಡ್ತಾ ಇದೆ ಅಂತ ಲೋಡ್ ಡಿಸ್ಪ್ಯಾಚ್ ಸೆಂಟರಿನ ಸೈಟಿನಲ್ಲಿ ಕಾಣುತ್ತದೆ. ಅಪ್ಪನ ಮೊಬೈಲಿಗೆ ಅದನ್ನು ಹಾಕಿಕೊಟ್ಟವರು ನಾನೇ. ಸಾಗರದಲ್ಲಿ ಜಗಲಿ ಮೇಲೆ ಕೂತು ಬೆಳಿಗ್ಗೆ ಕಾಫಿ ಜೊತೆ ಅದೇ ಓದು. ಕಳೆದ ಮಳೆಗಾಲದಲ್ಲಿ ಒಂದು ದಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ಫೋನು ಬಂತು, ಗಾಬರಿಯಾಗಿ ಹೊರಗೆ ಓಡಿ ಎತ್ತಿದೆ.

"ಏನಿಲ್ಲ, ಇಲ್ಲಿ ಮೂರು ದಿನದಿಂದ ಬಿಡದೆ ಹೊಡೀತಾ ಇದೆ ಮಳೆ," ಅಂದರು. "ನಮ್ಮದು ಒಂದು, ಎರಡು, ಎರಡೂ ಸೊನ್ನೆ ತೋರಿಸ್ತಾ ಇದೆ. ನೋಡಿದ್ಯಾ?"