ಬೋಟಿನ ವಯಸ್ಸು ಗಂಟೆಗಳಲ್ಲಿ

ಮಲ್ಪೆಯಲ್ಲಿ ಗೆಳೆಯನ ಮಾವ ಸೆಕೆಂಡ್ ಹ್ಯಾಂಡ್ ಬೋಟ್ ನೋಡ್ತಿದ್ರು. ‘ಎಷ್ಟು ಕಿಲೋಮೀಟರ್ ಓಡಿದೆ?’ ಅಂತ ಕೇಳಿ ನಾನು ನಗೆಪಾಟಲಾದೆ. ಬಲೆ ಬಿಟ್ಟು ನಿಂತಲ್ಲೇ ನಿಂತಿದ್ರೂ ಇಂಜಿನ್ ಓಡ್ತಾ ಸವೆಯುತ್ತೆ. ಹಾಗಾಗಿ ಬೋಟಿನ ಲೆಕ್ಕವೆಲ್ಲ ಗಂಟೆಯದ್ದು.

1938ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜಾನ್ ವೆಸ್ಟನ್ ಹಾಬ್ಸ್ ಒಂದು ಕಂಪನಿ ಶುರುಮಾಡಿದ್ರು. ವಾಹನದ ಕರೆಂಟಿನಿಂದಲೇ ಕೀಲಿ ತುಂಬಿಕೊಳ್ಳುವ ಗಡಿಯಾರ ಅವರದ್ದು. ಗಂಟೆ ಎಣಿಸೋ ಮೀಟರಿಗೂ ಅವರ ಹೆಸರೇ ಅಂಟಿತು. ಪೈಲಟ್‌ಗಳು ಇವತ್ತಿಗೂ ‘ಹಾಬ್ಸ್ ಟೈಮ್’ ಅಂತಾರೆ.

ಅಲ್ಲಿಗೆ ಗಡಿಯಾರ ಬ್ಯಾಟರಿಯ ಹಂಗಿಗೆ ಬಿತ್ತು. ಅದೂ 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದೇ. ದಣಿದ 12 ವೋಲ್ಟ್ ಬ್ಯಾಟರಿ, ಸ್ಟಾರ್ಟರ್ ತಿರುಗಿದ ಕ್ಷಣ 10ಕ್ಕಿಂತ ಕೆಳಗಿಳಿಯಬಹುದು. ಹಳೇ ಮೀಟರಾದ್ರೆ ಹಲ್ಲುಚಕ್ರ ನಿಂತರೂ ಅಂಕಿ ಅಳಿಯಲ್ಲ. ಕೆಲವು ಡಿಜಿಟಲ್ ಮೀಟರುಗಳು ಮಾತ್ರ ಕಣ್ಣುಮುಚ್ಚಿ, ಎದ್ದಾಗ ಓಡಿದ್ದನ್ನೇ ಮರೆತಿರುತ್ತವೆ. ಆ ಅಂಕಿ ನಂಬಿ ಆಯಿಲ್ ಬದಲಿಸದೆ ಹೊರಟರೆ ನಡುಗಡಲಲ್ಲಿ ಇಂಜಿನ್ ಕೈಕೊಡಬಹುದು.

ನಾವು ನೋಡಿದ ಬೋಟಿನ ಮೀಟರು ನಾನೂರು ಚಿಲ್ಲರೆ ಗಂಟೆ ತೋರಿಸ್ತಿತ್ತು. ಮಾವ ಮೊದಲು ಬ್ಯಾಟರಿ ನೋಡಿದ್ರು. ಆಮೇಲೆ ಮೆತ್ತಗೆ ಕೇಳಿದ್ರು: ‘ಡೀಸೆಲ್ ಚೀಟಿ ಇಟ್ಟಿದ್ದೀರಾ?’